ವಾಣಿಜ್ಯ ಕಟ್ಟಡಗಳಲ್ಲಿ ಜಲಸಂರಕ್ಷಣೆ

ಕಚೇರಿ, ಹೋಟೆಲು, ಮಾಲ್, ಆಸ್ಪತ್ರೆ, ಐಟಿ ಪಾರ್ಕ್‌ಗಳಲ್ಲಿ ನೀರಿನ ಖರ್ಚನ್ನು ತಗ್ಗಿಸುವ, ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವ, ಮಳೆನೀರನ್ನು ಹಿಡಿದಿಡುವ ಕ್ರಮಗಳೆಲ್ಲ ಈ ಹೆಸರಿನಡಿ ಬರುತ್ತವೆ. ಇವು ಎಷ್ಟು ಅಗತ್ಯವೆಂಬುದಕ್ಕೆ ಬೆಂಗಳೂರು ಒಳ್ಳೆಯ ನಿದರ್ಶನ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನ ಮಗ್ಗುಲಲ್ಲಿ ದೊಡ್ಡ ನದಿಯಿಲ್ಲ. 1894ರ ಹೆಸರಘಟ್ಟ ಯೋಜನೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಎರಡೂ ಸಾಲದೆ 1974ರಿಂದ ಕಾವೇರಿ ನೀರನ್ನು ತರಲಾಗುತ್ತಿದೆ. ಪಂಪಿಂಗ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಹಾದು, ಹಂತಹಂತವಾಗಿ ಪಂಪುಗಳಿಂದ ಸುಮಾರು 500 ಮೀಟರ್ ಮೇಲೇರಿ ಬರುವ ಆ ನೀರಿನ ಹನಿಹನಿಗೂ ವಿದ್ಯುತ್ತಿನ ಬೆಲೆಯಿದೆ. ಇಷ್ಟು ಕಷ್ಟಪಟ್ಟು ತಂದ ಕುಡಿಯುವ ನೀರನ್ನೇ ಫ್ಲಶ್‌ಗೆ, ಹುಲ್ಲುಹಾಸಿಗೆ ಸುರಿಯುವುದು ಅನ್ಯಾಯ. ಯಾವ ಕೆಲಸಕ್ಕೆ ಯಾವ ದರ್ಜೆಯ ನೀರು ಸಾಕೆಂದು ವಿಂಗಡಿಸುವುದೇ ಇಲ್ಲಿ ಮುಖ್ಯ. ಉಳಿದ ಉಪಾಯಗಳು ಅದರ ನಂತರ.

ರಾಷ್ಟ್ರೀಯ ಕಟ್ಟಡ ಸಂಹಿತೆ ಕಚೇರಿಯಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ನೀರು ಲೆಕ್ಕ ಹಾಕುತ್ತದೆ. ಅದರಲ್ಲಿ 20 ಲೀಟರ್ ಫ್ಲಶ್‌ಗೆ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ನೀರು ಕುಡಿಯುವ ದರ್ಜೆಯದ್ದಾಗಿರಬೇಕಿಲ್ಲ. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ, ಗಾಳಿ ಬೆರೆಸಿ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು. ವಾಹನ ತೊಳೆಯಲು, ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಒಳ್ಳೆಯ ಕ್ರಮಗಳೇ. ಆದರೆ ಏರೇಟರ್ ಕೈತೊಳೆಯುವ ನೀರನ್ನಷ್ಟೇ ಉಳಿಸುತ್ತದೆ, ದೊಡ್ಡ ಕಟ್ಟಡದ ದೊಡ್ಡ ಖರ್ಚು ಯಾರ ಕಣ್ಣಿಗೂ ಬೀಳದೆ ತಾರಸಿಯ ಮೇಲೆ ನಡೆಯುತ್ತಿರುತ್ತದೆ. ನೀರಿನಿಂದ ತಣಿಯುವ ಹವಾನಿಯಂತ್ರಣ ಘಟಕದ ಕೂಲಿಂಗ್ ಟವರ್ ಒಳಗಿನ ಶಾಖವನ್ನು ಹೊರಹಾಕುವುದು ನೀರನ್ನು ಆವಿಯಾಗಿಸಿ. ಒಂದು ಟನ್ ತಂಪುಗೊಳಿಸುವ ಸಾಮರ್ಥ್ಯಕ್ಕೆ ಗಂಟೆಗೆ ಸುಮಾರು ಆರೂವರೆ ಲೀಟರ್ ಆವಿಯಾಗುತ್ತದೆ. 1,000 ಟನ್ ಘಟಕವೊಂದು ಪೂರ್ಣ ಹೊರೆಯಲ್ಲಿ ಹತ್ತು ಗಂಟೆ ನಡೆದರೆ 65,000 ಲೀಟರ್! ಇಷ್ಟಕ್ಕೇ ಮುಗಿಯುವುದಿಲ್ಲ. ಆವಿಯಾದಂತೆ ಉಳಿದ ನೀರಿನಲ್ಲಿ ಲವಣ ದಟ್ಟವಾಗುವುದರಿಂದ ಅದನ್ನು ಆಗಾಗ ಹೊರಬಿಡಬೇಕು. ಲವಣ ಮೂರು ಪಟ್ಟಾದಾಗಲೇ ಬಿಟ್ಟರೆ 32,500 ಲೀಟರ್ ಚರಂಡಿಗೆ ಹೋಗುತ್ತದೆ. ಆರು ಪಟ್ಟಾಗುವವರೆಗೆ ಬಳಸಿದರೆ 13,000 ಮಾತ್ರ. ಗಡಸು ಕೊಳವೆಬಾವಿ ನೀರನ್ನು ಮೆದುಗೊಳಿಸಿ, ಲವಣಾಂಶವನ್ನು ನಿತ್ಯ ಅಳೆದರೆ ಇದು ಸಾಧ್ಯ. ದಿನಕ್ಕೆ 19,500 ಲೀಟರ್ ಉಳಿಸುವ ಈ ಕೆಲಸಕ್ಕೆ ಯಾರ ಬಾಯಾರಿಕೆಗೂ ಕಡಿವಾಣ ಬೇಕಿಲ್ಲ.

ಮಳೆನೀರು ಕೊಯ್ಲೊಂದೇ ಸಾಲದೇ ಎಂಬ ಪ್ರಶ್ನೆ ಸಹಜ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ ಅದು ಕಡ್ಡಾಯವೂ ಆಗಿದೆ. ನಗರದ ವಾರ್ಷಿಕ ಮಳೆ ಸುಮಾರು 970 ಮಿ.ಮೀ. 1,000 ಚದರ ಮೀಟರ್ ತಾರಸಿಯಿಂದ ಶೇ. 80ರಷ್ಟು ಹಿಡಿದರೂ ಸಿಗುವುದು ಏಳೂಮುಕ್ಕಾಲು ಲಕ್ಷ ಲೀಟರ್. ಆ ತಾರಸಿಯ ಕೆಳಗೆ ಹತ್ತು ಮಹಡಿ, ಸಾವಿರ ಜನರಿದ್ದರೆ ತಲಾ 45 ಲೀಟರಿನಂತೆ ಈ ನೀರು ಹದಿನೇಳು ದಿನಕ್ಕೆ ಸಾಕು. ಹಾಗೆಂದು ಮಳೆನೀರು ನಿರರ್ಥಕವಲ್ಲ: ಲವಣ ಕಡಿಮೆಯಿರುವ ಅದು ಕೂಲಿಂಗ್ ಟವರಿಗೆ ಶ್ರೇಷ್ಠ, ಇಂಗಿಸಿದರೆ ಅಂತರ್ಜಲಕ್ಕೆ ಆಸರೆ. ಆದರೆ ಎತ್ತರದ ಕಟ್ಟಡ ವರ್ಷವಿಡೀ ನಂಬಬಹುದಾದ ಮೂಲ ತನ್ನದೇ ಬಳಸಿದ ನೀರು. ಅದನ್ನು ಶುದ್ಧೀಕರಿಸುವ ಘಟಕದ (ಎಸ್‌ಟಿಪಿ) ನೀರು ವಾಸನೆ ಬರುತ್ತದೆ, ರೋಗ ತರುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ನಿರ್ವಹಣೆ ಕೆಟ್ಟ ಘಟಕದ ವಿಷಯದಲ್ಲಿ ಅದು ನಿಜ. ಪರಿಹಾರವಿರುವುದು ತರಬೇತಿ ಪಡೆದ ಸಿಬ್ಬಂದಿ, ನಿಯತ ಪರೀಕ್ಷೆ, ಸೋಂಕುನಿವಾರಣೆ, ಕುಡಿಯುವ ನೀರಿನೊಡನೆ ಎಲ್ಲೂ ಕೂಡದ ಪ್ರತ್ಯೇಕ ಕೊಳವೆ ಸಾಲಿನಲ್ಲಿ. ಬೆಂಗಳೂರೇ 2018ರಿಂದ ಕೋಲಾರದ ಕೆರೆಗಳಿಗೆ ಸಂಸ್ಕರಿತ ನೀರು ಹರಿಸುತ್ತಿರುವಾಗ ಒಂದು ಕಟ್ಟಡ ತನ್ನ ಫ್ಲಶ್‌ಗೂ ಅಂಥ ನೀರು ಬೇಡವೆನ್ನುವುದು ಸಲ್ಲದು.

ಹಣ ಕೊಡುತ್ತೇವೆ, ಟ್ಯಾಂಕರ್ ತರಿಸುತ್ತೇವೆ, ಇತರರಿಗೇನು ನಷ್ಟ ಎಂಬ ವಾದವೂ ಇದೆ. ಟ್ಯಾಂಕರಿನ ನೀರು ಬಹುಪಾಲು ಹೊರವಲಯದ ಕೊಳವೆಬಾವಿಗಳದು. ಅಲ್ಲಿ ಅಂತರ್ಜಲ ಕುಸಿದರೆ ಒಣಗುವುದು ರೈತನ ಬಾವಿ. ಹಣ ನೀರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲದು, ಸೃಷ್ಟಿಸಲಾರದು. ಹಾಗಾಗಿ ಇದ್ದ ನೀರನ್ನೇ ಮತ್ತೆ ಬಳಸಬೇಕು. ಆದರೆ ಕಟ್ಟಿ ಮುಗಿದ ಮೇಲೆ ಸಂಸ್ಕರಿತ ನೀರಿಗಾಗಿ ಎರಡನೆಯ ಕೊಳವೆ ಸಾಲು ಹಾಕುವುದು ಬಲು ದುಬಾರಿ, ಗೋಡೆ ಒಡೆಯಬೇಕಾಗುತ್ತದೆ. ಆದ್ದರಿಂದ ಹೊಸ ಕಟ್ಟಡ ಕಟ್ಟಿಸುವವರು ನಕ್ಷೆಯ ಹಂತದಲ್ಲೇ ಅದನ್ನು ಸೇರಿಸಲಿ. ಹಳೆಯ ಕಟ್ಟಡದವರು ಫ್ಲಶ್, ಅಡುಗೆಮನೆ, ತೋಟ, ಕೂಲಿಂಗ್ ಟವರ್ ಒಂದೊಂದಕ್ಕೂ ಬೇರೆ ಮೀಟರ್ ಕೂರಿಸಿ ಈ ತಿಂಗಳಿಂದಲೇ ಲೆಕ್ಕ ಬರೆದಿಡಲಿ.