ಸಾತತ್ಯಾರ್ಥದ ಕ್ರಿಯೆಯೂ ಏಕಾರದ ಅವಧಾರಣೆಯೂ

ಇಂಗ್ಲಿಷಿನ ‘ಕೀಪ್ ಆನ್’ ಎಂಬ ಜೋಡು ಕ್ರಿಯಾಪದಕ್ಕೆ ‘ಮುಂದುವರಿಸು’ ಎಂದು ಅರ್ಥ ಬರೆದು ತೃಪ್ತರಾಗುವ ಪರಿಪಾಠಿಯು ನಮ್ಮಲ್ಲಿ ರೂಢಮೂಲವಾಗಿದೆ. ಆದರೆ ನಿಂತುಹೋದ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡವನೂ ಮುಂದುವರಿಸುವವನೇ. ಬೇಡವೆಂದರೂ ಕೇಳದೆ, ಅಡ್ಡಿಯಾದರೂ ಲೆಕ್ಕಿಸದೆ, ಒಂದೇ ಸಮನೆ ಮಾಡುವವನ ಹಟವನ್ನು ಆ ಪದವು ಹೊರಲಾರದು. ಆ ಹಟವನ್ನು ಕನ್ನಡವು ಯಾವ ಸಾಮಗ್ರಿಯಿಂದ ಕಟ್ಟಿಕೊಂಡಿದೆಯೆಂಬುದು ಸೋದರಭಾಷೆಯಾದ ಮಲಯಾಳದ ಪಕ್ಕದಲ್ಲಿರಿಸಿ ನೋಡಿದಾಗ ವಿಶದವಾಗುತ್ತದೆ.

ತಿರುವನಂತಪುರದಲ್ಲಿ ಅಧ್ಯಾಪಕರಾಗಿದ್ದ ಎ. ಆರ್. ರಾಜರಾಜವರ್ಮರು 1896ರ ತಮ್ಮ ‘ಕೇರಳಪಾಣಿನೀಯ’ದಲ್ಲಿ, ಪ್ರಧಾನಕ್ರಿಯೆಯನ್ನು ಹಿಂಬಾಲಿಸಿ ಬಂದು ಅದರ ಅರ್ಥಕ್ಕೆ ವಿಶೇಷವನ್ನು ಕೂಡಿಸುವ ಧಾತುಗಳಿಗೆ ಅನುಪ್ರಯೋಗವೆಂಬ ಹೆಸರಿತ್ತರು. ಕೊಚ್ಚಿಯಲ್ಲಿ ಮಳೆ ಸುರಿಯುವಾಗ ಅಲ್ಲಿನವರು ‘ಮೞ ಪೆಯ್ತುಕೊಂಡಿರಿಕ್ಕುನ್ನು’ ಎನ್ನುವಲ್ಲಿ ಕೊಳ್, ಇರ್ ಎಂಬ ಎರಡು ಅನುಪ್ರಯೋಗಗಳಿವೆ. ಎರಡೂ ನಮ್ಮ ಧಾತುಗಳೇ. ಆದರೂ ಗ್ರಂಥಸ್ಥ ಕನ್ನಡವು ‘ಮಳೆ ಸುರಿದುಕೊಂಡಿದೆ’ ಎಂಬುದನ್ನು ಒಪ್ಪದು. ‘ವ್ಯಾಪಾರ ಮಾಡಿಕೊಂಡಿದ್ದಾನೆ’ ಎಂದರೆ ನಮಗೆ ತಿಳಿಯುವುದು ಅವನ ಈ ಕ್ಷಣದ ಕ್ರಿಯೆಯಲ್ಲ, ಅವನ ಜೀವನವೃತ್ತಿ. ಕಾಸರಗೋಡಿನಲ್ಲಿ ಎರಡು ಭಾಷೆಗಳನ್ನೂ ಓದುವ ವಿದ್ಯಾರ್ಥಿಯು ಎಚ್ಚರಿಕೆಯಿಂದ ನಡೆಯಬೇಕಾದ ತಾಣವಿದು.

ಅದೇ ಮಲಯಾಳ ರೂಪದ ನಡುವೆ ಏಕಾರವೊಂದು ಸೇರಿ ‘ಪೆಯ್ತುಕೊಂಡೇಯಿರಿಕ್ಕುನ್ನು’ ಎಂದಾದಾಗ, ಕನ್ನಡದ ‘ಸುರಿಯುತ್ತಿದೆ’ ಎಂಬುದು ‘ಸುರಿಯುತ್ತಲೇ ಇದೆ’ ಎಂದಾದಾಗ, ಮಳೆಯು ನಿಲ್ಲಲೊಲ್ಲದೆಂಬ ಭಾವವು ಎರಡೂ ಕಡೆ ಒಮ್ಮೆಗೇ ಹುಟ್ಟುತ್ತದೆ. ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುವಲ್ಲಿ ಬೇರೆ ಬೇರೆ ದಾರಿ ಹಿಡಿದ ಈ ಭಾಷೆಗಳು, ಅದರ ಅವಿಚ್ಛಿನ್ನತೆಯನ್ನು ಒತ್ತಿಹೇಳಬೇಕಾದಾಗ ಒಂದೇ ಅವಧಾರಣೆಯನ್ನು ಆಶ್ರಯಿಸುವುದು ನನಗೆ ಸೋಜಿಗವನ್ನೂ ಸಂತೋಷವನ್ನೂ ಉಂಟುಮಾಡಿದ ಸಂಗತಿ. ‘ಮಗು ಕೇಳುತ್ತಿದೆ’ ಎನ್ನುವ ತಾಯಿಗೂ ‘ಮಗು ಕೇಳುತ್ತಲೇ ಇದೆ’ ಎನ್ನುವ ತಾಯಿಗೂ ಇರುವ ಅಂತರವೆಲ್ಲ ಆ ಒಂದು ಸ್ವರದ್ದು. ಇಂಗ್ಲಿಷಿನ ಪ್ರಯೋಗದಲ್ಲಿಯೂ ಕೆಲವೊಮ್ಮೆ ಇದೇ ಬೇಸರದ ಛಾಯೆಯುಂಟು.

ಕನ್ನಡವು ಅಷ್ಟಕ್ಕೇ ನಿಲ್ಲುವುದಿಲ್ಲ. ‘ಹೇಳುತ್ತ ಬಂದನು’ ಎಂಬಲ್ಲಿ ಹಿಂದಿನಿಂದ ಹರಿದುಬಂದ ಸಾತತ್ಯವೂ, ‘ಹೇಳುತ್ತ ಹೋದನು’ ಎಂಬಲ್ಲಿ ಮುಂದೆ ಮುಂದೆ ಸಾಗುವ ಸಾತತ್ಯವೂ ತೋರುತ್ತವೆ. ಈ ದಿಗ್ಭೇದವನ್ನು ‘ಕೀಪ್ ಆನ್’ ತಾನಾಗಿ ತಿಳಿಸದು. ಆದುದರಿಂದ ನಿಘಂಟುಕಾರರು ಅದಕ್ಕೆ ‘-ತ್ತಲೇ ಇರು’ ಎಂಬುದನ್ನೇ ಮೊದಲ ಅರ್ಥವಾಗಿ ಕೊಟ್ಟು, ‘-ತ್ತ ಬರು’, ‘-ತ್ತ ಹೋಗು’ ಎಂಬವನ್ನು ಉದಾಹರಣೆಸಹಿತವಾಗಿ ಸೇರಿಸಬೇಕು. ‘ಮುಂದುವರಿಸು’ ಎಂಬುದು ಕಡೆಯಲ್ಲಿ ಬಂದರೆ ಸಾಕು.