ಹೆಸರಿಗೊಂದು ದೊಡ್ಡಕ್ಷರ: ದತ್ತಾಂಶ ಸಂಯೋಜನೆಯಲ್ಲಿ ‘ಟೈಟಲ್ ಕೇಸ್’

ಇಂಗ್ಲಿಷ್ ಬರಹದಲ್ಲಿ ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿಯೂ ಉಳಿದವನ್ನು ಸಣ್ಣದಾಗಿಯೂ ಬರೆಯುವ ಕ್ರಮಕ್ಕೆ ‘ಟೈಟಲ್ ಕೇಸ್’ ಎಂದು ಹೆಸರು. ಕನ್ನಡ ಲಿಪಿಯಲ್ಲಿ ಈ ಭೇದವಿಲ್ಲ. ಆದರೆ ಬ್ಯಾಂಕು, ವಿಮೆ, ದೂರವಾಣಿ ಸಂಸ್ಥೆಗಳ ಗಣಕಗಳಲ್ಲಿ ನಮ್ಮ ಹೆಸರು, ವಿಳಾಸಗಳು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಇರುವುದರಿಂದ ಅದರ ತೊಡಕು ಕನ್ನಡಿಗರನ್ನೂ ಬಿಟ್ಟಿಲ್ಲ.

ಹಲವೆಡೆಯ ದತ್ತಾಂಶವನ್ನು ಒಂದೆಡೆ ಕಲೆಹಾಕುವ ತಂತ್ರಾಂಶಗಳೇ ದತ್ತಾಂಶ ಸಂಯೋಜನಾ ಸಾಧನಗಳು. ಒಂದು ಶಾಖೆಯ ಕಡತದಲ್ಲಿ ಹೆಸರುಗಳು ಪೂರ್ತಿ ದೊಡ್ಡಕ್ಷರಗಳಲ್ಲಿದ್ದು, ಇನ್ನೊಂದರಲ್ಲಿ ಪೂರ್ತಿ ಸಣ್ಣಕ್ಷರಗಳಲ್ಲಿದ್ದರೆ ಅವನ್ನು ಏಕರೂಪಕ್ಕೆ ತರಬೇಕಾಗುತ್ತದೆ.

ಸಾಧನಗಳು ಹಲವು

ಇನ್ಫರ್ಮ್ಯಾಟಿಕಾದಲ್ಲಿ ಇದಕ್ಕೆ ‘ಇನಿಟ್‌ಕ್ಯಾಪ್’ ಎಂಬ ಸಿದ್ಧ ಫಂಕ್ಷನ್ ಇದೆ. ಒರಾಕಲ್ ದತ್ತಸಂಚಯದಲ್ಲೂ ಅದಕ್ಕೆ ಇದೇ ಹೆಸರು. ಮೈಕ್ರೋಸಾಫ್ಟ್‌ನ ಪವರ್ ಕ್ವೆರಿಯಲ್ಲಿ ‘ಟೆಕ್ಸ್ಟ್ ಡಾಟ್ ಪ್ರಾಪರ್’ ಈ ಕೆಲಸ ಮಾಡುತ್ತದೆ. ಆದರೆ ಎಸ್‌ಕ್ಯೂಎಲ್ ಸರ್ವರ್ 2005ರೊಡನೆ ಬಂದ ಎಸ್‌ಎಸ್‌ಐಎಸ್‌ನ ಸೂತ್ರಗಳಲ್ಲಿ ‘ಅಪ್ಪರ್’, ‘ಲೋಯರ್’ ಇವೆಯೇ ಹೊರತು ಟೈಟಲ್ ಕೇಸ್ ಇಲ್ಲ. ಅಲ್ಲಿ ‘ಸ್ಕ್ರಿಪ್ಟ್ ಕಾಂಪೊನೆಂಟ್’ ಸೇರಿಸಿ, ಡಾಟ್‌ನೆಟ್‌ನ ‘ಟು ಟೈಟಲ್ ಕೇಸ್’ ವಿಧಾನವನ್ನು ಬಳಸಬಹುದು. ಪೂರ್ತಿ ದೊಡ್ಡಕ್ಷರಗಳಲ್ಲಿರುವ ಪದವನ್ನು ಈ ವಿಧಾನ ಸಂಕ್ಷಿಪ್ತ ರೂಪವೆಂದು ಬಗೆದು ಹಾಗೆಯೇ ಬಿಡುತ್ತದೆ. ಆದ್ದರಿಂದ ಮೊದಲು ಪಠ್ಯವನ್ನೆಲ್ಲ ಸಣ್ಣಕ್ಷರಕ್ಕೆ ಇಳಿಸಿ, ಬಳಿಕ ಇದನ್ನು ಅನ್ವಯಿಸಬೇಕು.

ಎಡವುವುದೆಲ್ಲಿ?

ಯಂತ್ರಕ್ಕೆ ಪದದ ಗಡಿ ಗೊತ್ತು, ಪದದ ಅರ್ಥ ಗೊತ್ತಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯನ್ನು ಚುಕ್ಕಿಗಳಿಲ್ಲದೆ ಬರೆದಿದ್ದರೆ ‘ಎಂ’ ಮಾತ್ರ ದೊಡ್ಡದಾಗಿ ಉಳಿದು ‘ಜಿ’ ಸಣ್ಣದಾಗುತ್ತದೆ. ಬಿಟಿಎಂ ಬಡಾವಣೆ, ಎಚ್.ಡಿ. ಕೋಟೆಗಳಿಗೂ ಇದೇ ಗತಿ. ಇನಿಷಿಯಲ್‌ಗಳನ್ನು ಕೂಡಿಸಿ ಬರೆಯುವ ನಮ್ಮ ಹೆಸರುಗಳೂ ಹೀಗೆಯೇ ಕೆಡುತ್ತವೆ. ಅಕ್ಷರವೂ ಅಂಕಿಯೂ ಅಲ್ಲದ ಪ್ರತಿ ಚಿಹ್ನೆಯನ್ನು ‘ಇನಿಟ್‌ಕ್ಯಾಪ್’ ಪದದ ಗಡಿಯೆಂದೇ ಎಣಿಸುವುದರಿಂದ, ‘ವಿಮೆನ್ಸ್ ಕಾಲೇಜ್’ ಎಂಬುದರಲ್ಲಿ ಮೇಲ್ಕೊಂಬಿನ ಚಿಹ್ನೆಯ ನಂತರದ ‘ಎಸ್’ ಕೂಡ ದೊಡ್ಡದಾಗುತ್ತದೆ.

ಹೀಗೆ ಅಳಿದ ಅಕ್ಷರಭೇದವನ್ನು ಪರಿವರ್ತಿತ ಪಠ್ಯದಿಂದಲೇ ಮರಳಿ ಪಡೆಯಲು ಸಾಧ್ಯವಿಲ್ಲ. ಮೂಲ ಕಾಲಂ ಅನ್ನು ಅಳಿಸಿಬಿಟ್ಟರೆ ಗ್ರಾಹಕ ತನ್ನ ಹೆಸರನ್ನು ಹೇಗೆ ಬರೆದುಕೊಟ್ಟಿದ್ದನೆಂಬುದಕ್ಕೆ ಆ ಕೋಷ್ಟಕದಲ್ಲಿ ಕುರುಹೂ ಉಳಿಯದು.

ಪಾಲಿಸಬೇಕಾದ ಕ್ರಮ

ಮೂಲ ಪಠ್ಯವನ್ನು ಹಾಗೆಯೇ ಇರಿಸಿ, ಪರಿವರ್ತಿತ ರೂಪವನ್ನು ಪ್ರತ್ಯೇಕ ಕಾಲಂನಲ್ಲಿ ಸಂಗ್ರಹಿಸುವುದು ಕ್ಷೇಮ. ಸಂಕ್ಷಿಪ್ತ ರೂಪಗಳ ಅಪವಾದ ಪಟ್ಟಿಯೊಂದನ್ನು ಸಿದ್ಧಪಡಿಸಿ, ಪರಿವರ್ತನೆಯ ನಂತರ ಅದರಂತೆ ತಿದ್ದಬೇಕು. ಎರಡು ಕಡತಗಳ ದಾಖಲೆಗಳನ್ನು ತಾಳೆ ನೋಡಲು ಟೈಟಲ್ ಕೇಸ್ ಬೇಕಿಲ್ಲ. ಎರಡೂ ಕಡೆ ಪೂರ್ತಿ ದೊಡ್ಡಕ್ಷರವೋ ಪೂರ್ತಿ ಸಣ್ಣಕ್ಷರವೋ ಮಾಡಿಕೊಂಡರೆ ಸಾಕು. ಟೈಟಲ್ ಕೇಸ್ ಏನಿದ್ದರೂ ಪತ್ರ, ಬಿಲ್ಲು, ಗುರುತಿನ ಚೀಟಿಗಳಲ್ಲಿ ಜನರ ಕಣ್ಣಿಗೆ ಬೀಳುವ ರೂಪಕ್ಕೆ ಮಾತ್ರ.