ಸ್ಮಿರ್ನಾದ ಅಂಜೂರ

ಒಣ ಅಂಜೂರವನ್ನು ಕೊಳ್ಳುವವರು ಅದರ ಬಣ್ಣವನ್ನೂ ಮೆತುವನ್ನೂ ನೋಡುವರಲ್ಲದೆ, ಅದು ಯಾವ ತೋಟದಲ್ಲಿ ಹೇಗೆ ಬೆಳೆಯಿತೆಂದು ವಿಚಾರಿಸುವುದು ಅಪೂರ್ವ. ಆದರೆ ಈ ಹಣ್ಣಿನ ಗುಣವೂ ದೋಷವೂ ಬಹುಮಟ್ಟಿಗೆ ಮರದ ಮೇಲೆಯೇ ನಿಶ್ಚಯವಾಗಿಬಿಡುತ್ತವೆ.

ಏಷ್ಯಾಮೈನರಿನ ಪಶ್ಚಿಮಭಾಗದಲ್ಲಿ ಮೆಂಡೆರೆಸ್ ನದಿಯ ಕಣಿವೆಯುಂಟು. ಅಲ್ಲಿಯ ಅಂಜೂರವು ಸ್ಮಿರ್ನಾ, ಎಂದರೆ ಈಗಿನ ಇಜ್ಮಿರ್, ಬಂದರಿನಲ್ಲಿ ಹಡಗೇರುತ್ತಿದ್ದುದರಿಂದ ಆ ಊರಿನ ಹೆಸರನ್ನೇ ಪಡೆಯಿತು. ಈ ಜಾತಿಯ ಮರ ತಾನೊಂದೇ ಹಣ್ಣು ಕೊಡಲಾರದು. ಅದರ ಹೂಗಳು ಕಾಯಿಯ ಒಡಲಲ್ಲಿ ಅಡಗಿರುತ್ತವೆ. ಗಂಡು ಅಂಜೂರದ ಕಾಯಿಯಲ್ಲಿ ಹುಟ್ಟುವ ಕಿರಿಯ ಕಣಜವೊಂದು ಪರಾಗವನ್ನು ಹೊತ್ತು ಒಳಹೊಕ್ಕರೆ ಮಾತ್ರ ಕಾಯಿ ನಿಂತು ಬಲಿಯುವುದು. ಇಲ್ಲವಾದರೆ ಬಾಡಿ ಉದುರುವುದು. ಆದುದರಿಂದ ಅಲ್ಲಿಯ ರೈತರು ಗಂಡುಕಾಯಿಗಳನ್ನು ಸರಮಾಡಿ ಹೆಣ್ಣುಮರದ ಕೊಂಬೆಗಳಿಗೆ ತೂಗಹಾಕುವರು. ಗಂಡುಕಾಯಿಗಳನ್ನು ಹೀಗೆ ತೂಗಹಾಕುವುದನ್ನು ಕ್ರಿ. ಪೂ. 4ನೆಯ ಶತಮಾನದಲ್ಲಿದ್ದ ಗ್ರೀಕ್ ವಿದ್ವಾಂಸ ಥಿಯೊಫ್ರಾಸ್ಟಸನೇ ವರ್ಣಿಸಿದ್ದಾನೆ. ಅತ್ತಿಯ ಹಣ್ಣನ್ನು ಬಿಡಿಸಿದರೆ ಹುಳುವೇ ಎನ್ನುವ ನಮಗೆ ಇದು ತೀರ ಅಪರಿಚಿತವಾದ ಸಂಗತಿಯಲ್ಲ. ಅತ್ತಿಯೂ ಅಂಜೂರವೂ ಒಂದೇ ಕುಲದವು.

1880ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಸ್ಮಿರ್ನಾ ಅಂಜೂರದ ಸಾವಿರಾರು ಕಡ್ಡಿಗಳನ್ನು ತರಿಸಿ ಹಂಚಿದರು. ಮರಗಳು ಸೊಂಪಾಗಿ ಬೆಳೆದವು. ಕಾಯಿಗಳು ಮಾತ್ರ ವರ್ಷವರ್ಷವೂ ಉದುರಿಹೋದವು. ತುರ್ಕರು ಬೇಕೆಂದೇ ಬಂಜೆಮರಗಳನ್ನು ಕಳುಹಿಸಿದರೆಂದು ಹಲವರು ಕೋಪಗೊಂಡರಂತೆ. ಕಣಜವೇ ಬೇಕೆಂದು ಹೇಳಿದವರ ಮಾತನ್ನು ರೈತರು ನಂಬಲಿಲ್ಲ. ಫ್ರೆಸ್ನೊ ಪಟ್ಟಣದ ಜಾರ್ಜ್ ರೋಡಿಂಗ್ ಎಂಬ ಸಸಿತೋಟದ ಯಜಮಾನನು ಕೈಯಿಂದಲೇ ಪರಾಗವನ್ನು ಕಾಯಿಯೊಳಕ್ಕೆ ಸೇರಿಸಿ, ಹಣ್ಣು ನಿಲ್ಲುವುದನ್ನು ತೋರಿಸಿದನು. ಕೊನೆಗೆ 1899ರಲ್ಲಿ ಆಲ್ಜೀರಿಯದಿಂದ ತಂದ ಕಣಜಗಳು ಅವನ ತೋಟದಲ್ಲಿ ನೆಲೆಸಿದವು. ಕ್ಯಾಲಿಮಿರ್ನಾ ಎಂಬ ಹೊಸ ಹೆಸರಿನ ಹಣ್ಣು ಪೇಟೆಗೆ ಬಂದಿತು. ಪರಾಗದಿಂದ ಬೀಜ ಬಲಿತುದರಿಂದಲೇ ಅದಕ್ಕೆ ಆ ಬಾದಾಮಿಯಂಥ ರುಚಿ.

ಉಪಕಾರಿಯಾದ ಆ ಕಣಜವೇ ರೋಗವನ್ನೂ ಹೊತ್ತು ತಂದಿತು. ಗಂಡುಕಾಯಿಯಲ್ಲಿದ್ದ ಬೂಷ್ಟಿನ ಕಣಗಳು ಅದರ ಮೈಗಂಟಿ ಹೆಣ್ಣುಕಾಯಿಯನ್ನು ಸೇರಿ, ಹಣ್ಣನ್ನು ಒಳಗಿನಿಂದಲೇ ಕೊಳೆಸುವುದನ್ನು 1920ರ ದಶಕದಲ್ಲಿ ಶಾಸ್ತ್ರಜ್ಞರು ಕಂಡುಹಿಡಿದರು. ಒಂದೇ ಕಾಯಿಗೆ ಅನೇಕ ಕಣಜಗಳು ನುಗ್ಗಿದರೆ ಕೇಡು ಹೆಚ್ಚು. ಆದುದರಿಂದ ನಿರೋಗಿಯಾದ ಗಂಡುಕಾಯಿಗಳನ್ನೇ ಆರಿಸಿ, ಮಿತವಾಗಿ ತೂಗಹಾಕುವುದು ಬೇಸಾಯದ ಒಂದು ಮುಖ್ಯ ವಿವೇಕವಾಯಿತು.

ಇದಕ್ಕಿಂತ ಭಯಂಕರವಾದ ಶತ್ರುವೊಂದು ಬೆಳಕಿಗೆ ಬಂದುದು 1960ರಲ್ಲಿ. ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟ ಟರ್ಕಿಕೋಳಿಗಳು ಬೂಷ್ಟುಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಸತ್ತಾಗ, ಅಫ್ಲಟಾಕ್ಸಿನ್ ಎಂಬ ವಿಷದ ಗುರುತು ಸಿಕ್ಕಿತು. ಯಕೃತ್ತಿಗೆ ಅರ್ಬುದವನ್ನು ತರಬಲ್ಲ ಈ ವಿಷ ಒಣ ಅಂಜೂರದಲ್ಲಿಯೂ ಕಾಣಿಸಿಕೊಂಡಿತು. ಸಾಮಾನ್ಯ ಅಡಿಗೆಯ ಕಾವಿಗೆ ಅದು ನಾಶವಾಗುವುದಿಲ್ಲ. ಯೂರೋಪಿನ ಕಾನೂನು ಒಂದು ಕಿಲೋಗ್ರಾಂ ಒಣ ಅಂಜೂರದಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚನ್ನು ಒಪ್ಪುವುದಿಲ್ಲ.

ಮೆಂಡೆರೆಸ್ ಕಣಿವೆಯಲ್ಲಿ ಹಣ್ಣು ಮರದಲ್ಲಿಯೇ ಅರ್ಧ ಒಣಗಿ ತಾನಾಗಿ ನೆಲಕ್ಕೆ ಬೀಳುವುದು ರೂಢಿ. ಮೆತ್ತಗಿರುವ, ಸುಕ್ಕುಗಟ್ಟುತ್ತಿರುವ ಆ ದಿನಗಳಲ್ಲಿಯೇ ಬೂಷ್ಟು ಹಿಡಿಯುವುದು. ತೇವದ ಮಣ್ಣಿನಲ್ಲಿ ಬಿದ್ದು ಕೆಲವು ದಿನ ಹೊರಳಿದರೆ ಮತ್ತಷ್ಟು. ಆದ್ದರಿಂದ ಮರದಡಿ ಬಲೆ ಹಾಸುವುದು, ಬಿದ್ದುದನ್ನು ಅಂದಂದೇ ಆಯುವುದು, ನೆಲದಿಂದ ಎತ್ತರಿಸಿದ ತಟ್ಟೆಗಳ ಮೇಲೆ ಬೇಗನೆ ಒಣಗಿಸುವುದು ಇವನ್ನೆಲ್ಲ ರೈತರಿಗೆ ಕಲಿಸುತ್ತಿದ್ದಾರೆ. ಅನಂತರ ಹಣ್ಣುಗಳು ಕತ್ತಲೆಕೋಣೆಗಳನ್ನು ಸೇರುತ್ತವೆ. ಅಲ್ಲಿ ಹೆಂಗಸರು ನೇರಳಾತೀತ ದೀಪದ ಕೆಳಗೆ ಕುಳಿತು, ಹಸುರುಮಿಶ್ರಿತ ಹಳದಿಯಾಗಿ ಹೊಳೆಯುವ ಹಣ್ಣನ್ನು ಹೆಕ್ಕಿ ತೆಗೆಯುವರು. ಹೊಳೆಯುವುದು ವಿಷವಲ್ಲ, ಅದೇ ಬೂಷ್ಟು ಉತ್ಪಾದಿಸುವ ಇನ್ನೊಂದು ವಸ್ತು. ಹೀಗಾಗಿ ಹೊಳೆಯದ ಹಣ್ಣಿನಲ್ಲಿಯೂ ಕೆಲವೊಮ್ಮೆ ವಿಷ ಉಳಿದಿರುವುದುಂಟು.